ಶ್ರೀ ಎಲ್ಲಿ ಹೋತು?

ಕಾಚಿಗುಡದ ಕನ್ನಡ ಬಳಗವೊಂದಕ್ಕೆ ವೆಬ್‌ಪುಟ ಮಾಡಿಕೊಟ್ಟಿದ್ದೆ. 40 ಹಿರಿಯರ ಹೆಸರಿನ ಮುಂದೆ 'ಶ್ರೀ' ಬೇಕಿತ್ತು. ಒಂದೊಂದಾಗಿ ಟೈಪಿಸಲು ಸೋಮಾರಿತನ. ಸ್ಟೈಲ್‌ಶೀಟ್‌ನ 'ಕಂಟೆಂಟ್'ನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಯೂನಿಕೋಡ್ ಸಂಖ್ಯೆಗಳನ್ನು ಬರೆದೆ. ಮೊದಲ ಸಲ ಮೂಡಿದ್ದು ತೆಲುಗಿನ ಶ್ರೀ! ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ 'ಶ' 3126, ಕನ್ನಡದ್ದು 3254. ನಡುವೆ 128 ಮನೆ ಅಷ್ಟೇ. ಹೈದರಾಬಾದಿನಲ್ಲಿ ನಾವಿರುವುದೂ ಹಾಗೇ, ಅಕ್ಕಪಕ್ಕ. ತಿದ್ದಿದೆ.

ವಾರದ ಮೇಲೆ ಕಲಬುರಗಿ ಕಡೆಯ ಕಾಕಾ ಒಬ್ಬರ ಫೋನು: "ತಮ್ಮಾ, ನನ್ನ ಹೆಸರಿನ ಮುಂದಿನ ಶ್ರೀ ಎಲ್ಲಿ ಹೋತು?"

ಯಾರೋ ಪಟ್ಟಿಯನ್ನು ನಕಲಿಸಿ ವಾಟ್ಸ್‌ಆಪ್‌ಗೆ ಹಾಕಿದ್ದರು. ಸ್ಟೈಲ್‌ಶೀಟ್ ಸೇರಿಸಿದ ಅಕ್ಷರ ಪುಟದಲ್ಲಿ ಕಾಣುತ್ತದೆ, ನಕಲಿನ ಜೊತೆ ಬರುವುದಿಲ್ಲ. ಹೂವು, ಬಾಣದ ಗುರುತಿಗಾದರೆ ನಡೆದೀತು, ಮರ್ಯಾದೆಗೆ ನಡೆಯಲಿಲ್ಲ.

ಅವತ್ತು ರಾತ್ರಿ ಕೂತು 40 ಶ್ರೀಗಳನ್ನೂ ಕೈಯಾರೆ ಟೈಪಿಸಿದೆ. ಕಾಕಾನದ್ದೇ ಮೊದಲು.