ಫಿಲ್ಟರಿನೊಳಗಿನ ಒಕ್ಕಲು

ಗೌರಿ-ಗಣೇಶ, ದಸರೆ, ದೀಪಾವಳಿ, ಯುಗಾದಿ - ಇಂತಹ ಹಬ್ಬಗಳು ಕಳೆದು ಮೂರು ನಾಲ್ಕು ದಿನಗಳಾಗುವಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ದೂರವಾಣಿ ಮಾಡಿ ಕೇಳುವ ಪ್ರಶ್ನೆಯೊಂದಿದೆ. "ಸಾರ್, ಹಬ್ಬಕ್ಕೆಂದು ಮೀನಿನ ತೊಟ್ಟಿಯನ್ನು ಚೊಕ್ಕಟವಾಗಿ ತೊಳೆದೆವು. ನೀರು ಕನ್ನಡಿಯಂತಿದೆ. ಆದರೂ ಮೀನುಗಳು ಒಂದೊಂದಾಗಿ ಸಾಯುತ್ತಿವೆ, ಏಕೆ?" ಆ ವಾಕ್ಯದಲ್ಲಿ 'ಆದರೂ' ಎಂಬ ಪದವಿದೆಯಲ್ಲ, ತೊಡಕಿರುವುದು ಅಲ್ಲಿಯೇ. ವ್ಯಾಕರಣದ ಮೇಷ್ಟ್ರಾಗಿದ್ದರೆ ಆ ಪದವನ್ನು ಹೊಡೆದುಹಾಕಿ 'ಆದ್ದರಿಂದ' ಎಂದು ತಿದ್ದಿಕೊಡುತ್ತಿದ್ದೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಶಾಲೆಯ ಪ್ರಯೋಗಾಲಯದಲ್ಲಿ ಮೀನಿನ ತೊಟ್ಟಿಯೊಂದಿತ್ತು. ನಿವೃತ್ತನಾದ ಮೇಲೆ ನಡುಮನೆಯಲ್ಲಿಯೂ ಸುಮಾರು 80 ಲೀಟರಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ಹೀಗಾಗಿ ಈ ಪ್ರಶ್ನೆ ನನ್ನ ಬಳಿಗೇ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ವಿವರವಾಗಿ ಬರೆದಿಡೋಣವೆನಿಸಿತು. ಮೀನು ಸಾಕದ ಬಂಧುಗಳೂ ಓದಬಹುದು. ಸ್ವಚ್ಛತೆ ಎಂದರೇನು ಎಂಬುದು ಎಲ್ಲ ಮನೆಗಳಿಗೂ ಸಂಬಂಧಿಸಿದ ವಿಚಾರ ತಾನೆ?

ಮೊದಲು ಮೀನಿನ ದೇಹಧರ್ಮವನ್ನು ತಿಳಿಯಬೇಕು. ನಾವು ತಿಂದ ಪ್ರೋಟೀನಿನ ತ್ಯಾಜ್ಯವು ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಮೀನಾದರೋ ಅದನ್ನು ಬಹುಮಟ್ಟಿಗೆ ಅಮೋನಿಯಾ ರೂಪದಲ್ಲಿ ಕಿವಿರುಗಳಿಂದಲೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತ ಎಲೆಗಳೂ ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಯಾತ್ರಿಕರು ಎರಚುವ ಮಂಡಕ್ಕಿಗೆ ಮುತ್ತುವ ಮೀನುಗಳನ್ನು ನೀವು ನೋಡಿರುತ್ತೀರಿ. ಅಷ್ಟು ಮೀನುಗಳ ಅಮೋನಿಯಾವನ್ನು ಹರಿಯುವ ಹೊಳೆ ಕ್ಷಣಕ್ಷಣವೂ ಕೊಂಡೊಯ್ಯುತ್ತದೆ. ಗಾಜಿನ ತೊಟ್ಟಿಗೆ ಹರಿವಿಲ್ಲ. ಅಲ್ಲಿನ ಮೀನು ತಾನು ವಿಸರ್ಜಿಸಿದ ವಿಷದಲ್ಲಿಯೇ ಉಸಿರಾಡಬೇಕು. ಅಮೋನಿಯಾಕ್ಕೆ ಬಣ್ಣವಿಲ್ಲವಾದ್ದರಿಂದ ಕನ್ನಡಿಯಂತಹ ನೀರಿನಲ್ಲಿಯೂ ಅದು ಪ್ರಾಣಾಂತಕ ಪ್ರಮಾಣದಲ್ಲಿರಬಹುದು.

ಹಾಗಿದ್ದರೂ ಚೆನ್ನಾಗಿ ನೋಡಿಕೊಂಡ ತೊಟ್ಟಿಯಲ್ಲಿ ಮೀನುಗಳು ವರ್ಷಗಟ್ಟಲೆ ಬದುಕುವುದು ಹೇಗೆ? ಪಠ್ಯಪುಸ್ತಕದ ಸಾರಜನಕ ಚಕ್ರವನ್ನು ನೆನಪಿಸಿಕೊಳ್ಳಿ. ಪರೀಕ್ಷೆಯಲ್ಲಿ ಅಂದವಾಗಿ ಚಿತ್ರ ಬಿಡಿಸಿ, ಮಾರನೆಯ ದಿನವೇ ನೀವೆಲ್ಲರೂ ಮರೆತದ್ದು! ಒಂದು ವರ್ಗದ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವು ಆಮ್ಲಜನಕವನ್ನು ಒಯ್ಯದಂತೆ ತಡೆಯುತ್ತದೆ. ಇನ್ನೊಂದು ವರ್ಗದ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟಿನ ಅಪಾಯ ಬಹಳ ಕಡಿಮೆ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ವಾರಕ್ಕೊಮ್ಮೆ ನೀರು ಬದಲಿಸುವಾಗ ಹೋಗುತ್ತದೆ. ಎರಡೂ ಕೆಲಸಗಳನ್ನು ಒಂದೇ ಬ್ಯಾಕ್ಟೀರಿಯಾ ಪೂರೈಸಬಲ್ಲುದೆಂಬುದು 2015ರಲ್ಲಿ ಬೆಳಕಿಗೆ ಬಂದಿತು. ಹಾಗೆ ಪತ್ತೆಯಾದ ನೆಲೆಗಳಲ್ಲಿ ಒಂದು, ಮೀನು ಸಾಕಣೆಯ ನೀರನ್ನು ಶುದ್ಧಗೊಳಿಸುವ ಫಿಲ್ಟರ್ ಎಂಬುದು ನನಗೆ ವಿಶೇಷ ಸಂತೋಷ ಕೊಟ್ಟ ಸಂಗತಿ.

ಈ ಜೀವಿಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಅತ್ಯಲ್ಪ. ಅವು ಸ್ಪಂಜು, ಪಿಂಗಾಣಿಯ ಉಂಗುರ, ತಳದ ಹರಳು - ಇವುಗಳ ಮೈಗೆ ಅಂಟಿಕೊಂಡು ಲೋಳೆಯ ತೆಳುಪದರವಾಗಿ ಬಾಳುತ್ತವೆ. ಆಮ್ಲಜನಕ ತುಂಬಿದ ನೀರು ಸದಾ ಹರಿಯುವ ಫಿಲ್ಟರ್ ಅವುಗಳಿಗೆ ಅಚ್ಚುಮೆಚ್ಚಿನ ಮನೆ. ಕೈಗೆ ಜಾರುವ ಆ ಕಂದು ಬಣ್ಣದ ಲೋಳೆಯನ್ನೇ ನಾವು ಕೊಳೆಯೆಂದು ಉಜ್ಜಿ ತೆಗೆಯುವುದು! ಅನುಕೂಲವಾದ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಇವಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೊಸ ತೊಟ್ಟಿಯಲ್ಲಿ ಇವುಗಳ ಸಂಸಾರ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಷ್ಟು ದಿನಗಳಲ್ಲಿ ಕಟ್ಟಿದ್ದನ್ನು ಒಂದು ಚಮಚ ಬ್ಲೀಚಿಂಗ್ ಪೌಡರ್ ಅರ್ಧ ಗಂಟೆಯೊಳಗೆ ನಾಶಮಾಡಬಲ್ಲುದು.

ಇದರ ಹಿಂದೆ ಸೊಗಸಾದ ಇತಿಹಾಸವೊಂದಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಮೀನು, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ಅವು ಪರಸ್ಪರ ಆಶ್ರಯದಿಂದ ಬದುಕಬಲ್ಲವೆಂದು 1850ರಲ್ಲಿ ಬರೆದು ಪ್ರಕಟಿಸಿದರು. ಇಂದಿನ ಅಕ್ವೇರಿಯಂ ಹವ್ಯಾಸಕ್ಕೆ ಬುನಾದಿ ಹಾಕಿದವರಲ್ಲಿ ಅವರೊಬ್ಬರು. ಅವರು 1867ರಲ್ಲಿ ತೀರಿಕೊಂಡರು. ಮುಂದೆ 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯೊಂದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಯಬಿಟ್ಟರು. ಸುಮಾರು ಇಪ್ಪತ್ತು ದಿನಗಳ ತರುವಾಯ, ಒಳಹೋದ ಅಮೋನಿಯಾ ನೈಟ್ರೇಟ್ ಆಗಿ ಹೊರಬರತೊಡಗಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದಾಗ ಆ ಕ್ರಿಯೆ ನಿಂತುಹೋಯಿತು. ಬಳಿಕ ತೋಟದ ಮಣ್ಣು ಕದಡಿದ ನೀರನ್ನು ಸುರಿದಾಗ ಮತ್ತೆ ಆರಂಭವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕಾರ್ಯವೆಂದು ಸಿದ್ಧವಾದದ್ದು ಹೀಗೆ. ವಾರಿಂಗ್ಟನ್ನರ ಮಗ - ಅವರ ಹೆಸರೂ ರಾಬರ್ಟ್ ವಾರಿಂಗ್ಟನ್ - ರೋಥಮ್‌ಸ್ಟೆಡ್ ಎಂಬಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣಿನ ಈ ಜೀವಿಗಳ ಹಿಂದೆ ವರ್ಷಗಟ್ಟಲೆ ಬಿದ್ದರು. ಕೊನೆಗೆ ಅವುಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ 1890ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಯವರಿಗೆ ಸಂದಿತು. ತಿಪ್ಪೆಗೊಬ್ಬರವನ್ನು ಬೆಳೆಯ ಆಹಾರವನ್ನಾಗಿ ಮಾಡಿಕೊಡುವ ಈ ಕಾಣದ ದುಡಿಮೆಗಾರರು ತಂದೆಯ ಗಾಜಿನ ಪಾತ್ರೆಯೊಳಗೂ ದುಡಿಯುತ್ತಿದ್ದರು. ಅದನ್ನು ತಿಳಿಯುವಷ್ಟು ಕಾಲ ಆ ತಂದೆ ಬದುಕಿರಲಿಲ್ಲ.

ಶ್ಲೋಸಿಂಗರ ಪ್ರಯೋಗವನ್ನು ನಾನು ಮಕ್ಕಳಿಗೆ ಹೇಳಬೇಕಾಗಿ ಬಂದ ಸಂದರ್ಭ ಸಂತೋಷದ್ದಾಗಿರಲಿಲ್ಲ. 1990ರ ದಶಕದ ಮಾತು. ಶಾಲೆಗೆ ಇಲಾಖೆಯ ತಪಾಸಣೆ ಗೊತ್ತಾಗಿತ್ತು. ನಾನು ತರಬೇತಿಗೆಂದು ಪರಸ್ಥಳಕ್ಕೆ ಹೋಗಿದ್ದ ವಾರದಲ್ಲಿ, ಪ್ರಯೋಗಾಲಯ ಥಳಥಳಿಸಬೇಕೆಂದು ಆಜ್ಞೆಯಾಯಿತು. ನಮ್ಮ ಜವಾನರು ಮೀನುಗಳನ್ನು ಬಕೆಟ್ಟಿಗೆ ಬಿಟ್ಟು ತೊಟ್ಟಿ, ಹರಳು, ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪೌಡರಿನಲ್ಲಿ ತಿಕ್ಕಿ, ಬಿಸಿಲಿನಲ್ಲಿ ಒಣಗಿಸಿ, ಹೊಸ ನೀರು ತುಂಬಿಸಿದರು. ತಪಾಸಣೆಗೆ ಬಂದವರು ತೊಟ್ಟಿಯನ್ನು ಮೆಚ್ಚಿಕೊಂಡರಂತೆ. ನಾನು ಮರಳಿದ ಸೋಮವಾರ ಎರಡು ಚಿನ್ನದ ಮೀನುಗಳು ಸತ್ತಿದ್ದವು. ಉಳಿದ ನಾಲ್ಕು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ನೀರು ಬದಲಿಸಿದೆವು, ಆಹಾರ ನಿಲ್ಲಿಸಿದೆವು. ಗುರುವಾರದ ಹೊತ್ತಿಗೆ ಉಳಿದದ್ದು ಒಂದೇ.

ಎಂಟನೆಯ ತರಗತಿಯ ಮಕ್ಕಳು ಅತ್ತರು. ಕೆಲವರು ಜವಾನರನ್ನು ಕಂಡಾಗ ಮುಖ ತಿರುಗಿಸತೊಡಗಿದರು. ಬೇಸಿಗೆ ರಜೆಯಲ್ಲಿಯೂ ಸೈಕಲ್ ತುಳಿದು ಬಂದು ಆ ಮೀನುಗಳಿಗೆ ಆಹಾರ ಹಾಕುತ್ತಿದ್ದವರು ಅವರೇ. ಆ ವಾರ ಅವರು ಪ್ರಯೋಗಾಲಯದ ಬಾಗಿಲವರೆಗೆ ಬಂದು ಹಿಂದಿರುಗಿ ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ. ಶುಕ್ರವಾರದ ಪಾಠಕ್ಕೆ ಅವರನ್ನೂ ಕರೆದು ಕೂರಿಸಿ ಕೊಳವೆ, ಕ್ಲೋರೋಫಾರ್ಮು, ಮಣ್ಣಿನ ನೀರಿನ ಕಥೆಯನ್ನು ವಿವರಿಸಿದೆ. ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಹಾಗಾದರೆ ತೊಳೆದದ್ದೇ ತಪ್ಪೆ?" ಎಂದಳು. "ತೊಳೆಯುವುದು ತಪ್ಪಲ್ಲಮ್ಮ. ಒಳಗೆ ಯಾರಿದ್ದಾರೆಂದು ತೊಳೆಯುವವರಿಗೆ ಯಾರೂ ಹೇಳಿರಲಿಲ್ಲ" ಎಂದೆ. ಮರುದಿನ ಜವಾನರು ತಾವಾಗಿಯೇ ಪೇಟೆಯ ಮೀನಿನ ಅಂಗಡಿಗೆ ಹೋಗಿ, ಬಹುಕಾಲದಿಂದ ನಡೆಯುತ್ತಿದ್ದ ತೊಟ್ಟಿಯೊಂದರ ಹಳೆಯ ಸ್ಪಂಜನ್ನು ಒದ್ದೆಯಾಗಿಯೇ ತಂದರು. ಉಳಿದ ಒಂದು ಮೀನು ಬದುಕಿತು. ಅಲ್ಲಿಂದ ಮುಂದೆ ತಾವು ನಿವೃತ್ತರಾಗುವವರೆಗೂ ಆ ಫಿಲ್ಟರನ್ನು ಯಾರು ಮುಟ್ಟಹೋದರೂ, "ಒಳಗೆ ಒಕ್ಕಲಿದ್ದಾರೆ, ಎಬ್ಬಿಸಬೇಡಿ" ಎನ್ನುತ್ತಿದ್ದರು. ನನ್ನ ಯಾವ ಪಾಠವೂ ಆ ಒಂದು ಮಾತಿನಷ್ಟು ಚಿಕ್ಕದಾಗಿ, ಚೊಕ್ಕವಾಗಿ ವಿಷಯವನ್ನು ಹೇಳಿರಲಾರದು.

ನಮ್ಮ ಅಡುಗೆಮನೆಗಳಿಗೆ ಈ ವಿವೇಕ ಹೊಸತಲ್ಲ. ಮೊಸರಿನ ಪಾತ್ರೆಯನ್ನು ತೊಳೆಯುವ ಮೊದಲು ಒಂದು ಚಮಚ ಹೆಪ್ಪನ್ನು ಎತ್ತಿಡದ ಗೃಹಿಣಿಯುಂಟೆ? ಪಾತ್ರೆಯೂ ಶುಚಿಯಾಗುತ್ತದೆ, ಮೊಸರಿನ ವಂಶವೂ ಉಳಿಯುತ್ತದೆ. ಫಿಲ್ಟರ್ ತೊಳೆಯುವ ವಿಧಾನವೆಲ್ಲ ಇದೇ ತತ್ತ್ವದ ವಿಸ್ತರಣೆ.

ತೊಳೆಯದೇ ಬಿಡುವುದೂ ಸರಿಯಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪಂಜು ಕಟ್ಟಿಕೊಂಡರೆ ನೀರು ಹಾಯುವುದಿಲ್ಲ. ನೀರು ಹಾಯದಿದ್ದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗದು. ಆದ್ದರಿಂದ ಫಿಲ್ಟರಿನಿಂದ ಹೊರಬರುವ ನೀರಿನ ರಭಸ ಕುಗ್ಗಿದಾಗ ತೊಳೆಯಬೇಕು. ಪಂಚಾಂಗ ನೋಡಿ ಅಲ್ಲ. ಮೊದಲು ವಿದ್ಯುತ್ ಪ್ಲಗ್ಗನ್ನು ಕಿತ್ತಿಡಿ. ವಾರದ ಪದ್ಧತಿಯಂತೆ ತೊಟ್ಟಿಯಿಂದ ಕಾಲುಭಾಗ ನೀರನ್ನು ಬಕೆಟ್ಟಿಗೆ ತೆಗೆಯಿರಿ. ಅದೇ ನೀರಿನಲ್ಲಿ ಸ್ಪಂಜನ್ನು ಎರಡು ಮೂರು ಬಾರಿ ಅದ್ದಿ ಹಿಂಡಿ. ಪಿಂಗಾಣಿ ಉಂಗುರಗಳನ್ನು ಅದರಲ್ಲಿಯೇ ಅಲುಗಾಡಿಸಿ, ರಾಡಿ ಬಿಟ್ಟರೆ ಸಾಕು. ಸ್ಪಂಜು ಅಂಗಡಿಯಿಂದ ತಂದಂತೆ ಕಾಣಬೇಕಿಲ್ಲ. ಕಂದು ಬಣ್ಣ ಉಳಿದಿರಲಿ. ನಲ್ಲಿಯ ನೀರು, ಸೋಪು, ಬಿಸಿನೀರು, ಬಿಸಿಲು - ಈ ನಾಲ್ಕೂ ವರ್ಜ್ಯ. ಬಕೆಟ್ಟಿನ ಕೊಳಕು ನೀರನ್ನು ತುಳಸಿಗೋ ಗುಲಾಬಿಗೋ ಹಾಕಿ. ಗಿಡಗಳಿಗೆ ಅದು ಗೊಬ್ಬರ. ಮೋಟಾರಿನೊಳಗಿನ ಪುಟ್ಟ ಚಕ್ರವನ್ನು ಮಾತ್ರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬಹುದು. ಕಸ ಹಿಡಿಯಲೆಂದು ಹಾಕುವ ಬಿಳಿಯ ಹತ್ತಿಯಂತಹ ಪದರ ಹಾಳಾದರೆ ಎಸೆದು ಹೊಸದನ್ನು ಹಾಕಲು ಅಡ್ಡಿಯಿಲ್ಲ, ಸ್ಪಂಜು ಮತ್ತು ಉಂಗುರಗಳು ಹಾಗೆಯೇ ಉಳಿದಿದ್ದರೆ.

ಎಲ್ಲವನ್ನೂ ಒಂದೇ ದಿನ ಮುಟ್ಟಬೇಡಿ. ಫಿಲ್ಟರ್ ತೊಳೆದ ದಿನ ತಳದ ಹರಳನ್ನು ಕೆದಕುವುದು ಬೇಡ. ಎರಡು ಸ್ಪಂಜುಗಳಿದ್ದರೆ ಈ ಬಾರಿ ಒಂದು, ಎರಡು ವಾರ ಬಿಟ್ಟು ಇನ್ನೊಂದು. ಸ್ಪಂಜು ಸವೆದು ಹೊಸದನ್ನು ಹಾಕಲೇಬೇಕಾದರೆ ಹಳೆಯದರ ಜೊತೆಯಲ್ಲಿ ಹೊಸದನ್ನು ಒಂದು ತಿಂಗಳಾದರೂ ಇರಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ತೊಳೆದ ಮೇಲೆ ಒಂದೆರಡು ದಿನ ಆಹಾರವನ್ನು ಅರ್ಧಕ್ಕಿಳಿಸಿದರೆ ಉಳಿದ ಬ್ಯಾಕ್ಟೀರಿಯಾಕ್ಕೆ ಹೊರೆ ತಗ್ಗುತ್ತದೆ.

ನಲ್ಲಿಯ ನೀರು ಏಕೆ ಬೇಡವೆಂದು ಕೇಳುವವರಿದ್ದಾರೆ. ನಮ್ಮ ಆರೋಗ್ಯಕ್ಕಾಗಿ ಅದಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ; ರೋಗಾಣುಗಳನ್ನು ಕೊಲ್ಲುವ ಆ ಕ್ಲೋರಿನ್ ಉಪಕಾರಿ ಜೀವಿಗಳನ್ನು ಗುರುತು ಹಿಡಿದು ಬಿಡುವುದಿಲ್ಲ. ತೊಟ್ಟಿಗೆ ತುಂಬುವ ಹೊಸ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಇಲ್ಲವಾದರೆ ಅಂಗಡಿಯಲ್ಲಿ ದೊರೆಯುವ ಆ್ಯಂಟಿ ಕ್ಲೋರಿನ್ ಹನಿಗಳನ್ನು ಬಳಸಬಹುದು. ಅಮೆರಿಕದಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಅಲ್ಲಿನ ಅನೇಕ ನಗರಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೀನ್ ಬೆರೆಸುತ್ತಾರೆ. ಅದು ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಅದಕ್ಕೆ ತಕ್ಕ ದ್ರಾವಣವನ್ನೇ ಹಾಕಬೇಕು.

ನಮ್ಮ ಊರುಗಳವರಿಗೆ ಬೇರೊಂದು ತಾಪತ್ರಯವಿದೆ: ಕರೆಂಟು. ವಿದ್ಯುತ್ ಹೋಗಿ ಬಹಳ ಹೊತ್ತಾದರೆ, ಮುಚ್ಚಿದ ಡಬ್ಬಿಯಂತಹ ಫಿಲ್ಟರಿನೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಉಸಿರುಕಟ್ಟತೊಡಗುತ್ತವೆ. ಅಂತಹ ಸಮಯದಲ್ಲಿ ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲಿಯೇ ತೇಲಿಬಿಡಿ. ರಾತ್ರಿ ಸದ್ದಾಗುತ್ತದೆಂದು ಫಿಲ್ಟರನ್ನು ಆರಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ, ಅದು ಕೂಡದು. ಅವಕ್ಕೆ ರಾತ್ರಿಪಾಳಿಯೂ ಉಂಟು.

ಇಷ್ಟಾದರೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುವುದು ಕಂಡರೆ ಗಾಬರಿಯಿಂದ ಮತ್ತೊಮ್ಮೆ ಎಲ್ಲವನ್ನೂ ತೊಳೆಯಬೇಡಿ. ಕ್ಲೋರಿನ್ ಕಳೆದ ನೀರಿನಿಂದ ಕಾಲುಭಾಗ ಬದಲಿಸಿ, ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ಓಡಿಸಿ. ಆರೋಗ್ಯವಾಗಿರುವ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಂಜನ್ನು ಕೇಳಿ ತಂದು ಫಿಲ್ಟರಿನಲ್ಲಿಡಿ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಸಂಕೋಚಪಡದ ನಾವು ಇದಕ್ಕೇಕೆ ನಾಚಬೇಕು?

ಹೊಸದಾಗಿ ತೊಟ್ಟಿ ಇಡುವ ಉತ್ಸಾಹವಿರುವವರು ನಮ್ಮ ಮನೆಗೂ ಬರಬಹುದು. ನನ್ನ ಫಿಲ್ಟರಿನಲ್ಲಿ ಸದಾ ಒಂದು ಸ್ಪಂಜು ಹೆಚ್ಚಾಗಿಯೇ ಇರುತ್ತದೆ. ಅರ್ಧ ಕತ್ತರಿಸಿ ಕೊಡುತ್ತೇನೆ. ಮುಚ್ಚಳವಿರುವ ಡಬ್ಬಿಯೊಂದನ್ನು ತನ್ನಿ, ದಾರಿಯಲ್ಲಿ ಒಣಗದಂತೆ ತೊಟ್ಟಿಯ ನೀರಿನಲ್ಲಿಯೇ ಮುಳುಗಿಸಿ ಕಳುಹಿಸುತ್ತೇನೆ. ಕಾಫಿಯನ್ನು ಮಾತ್ರ ಮೊದಲೇ ಕುಡಿದುಬಿಡಬೇಕು. ಸ್ಪಂಜು ಡಬ್ಬಿಗೆ ಬಿದ್ದ ಮೇಲೆ ಹರಟೆಗೆ ಕೂರುವಂತಿಲ್ಲ.