ನವಣಿ ಕಾಳಿನ ದಾರಿ

ಮಿರಜ ಸೀಮೆಯ ಬೇಡಗದ ಎಲೆತೋಟಗಳಲ್ಲಿ ಕತ್ತಲೆ ಊರಿಗಿಂತ ಅರ್ಧ ತಾಸು ಮೊದಲೇ ಇಳಿಯುತ್ತದೆ. ಬಳ್ಳಿ ಹಬ್ಬಿಸಲು ಹಚ್ಚಿದ ಚೊಗಚಿ, ನುಗ್ಗಿ, ಹಾಲವಾಣದ ಗಿಡಗಳು ಒತ್ತೊತ್ತಾಗಿ ನಿಂತು ಮೇಲಿನ ಬೆಳಕನ್ನೆಲ್ಲ ತಾವೇ ಕುಡಿದುಬಿಡುತ್ತವೆ. ಕೆಳಗೆ ಸದಾ ನೀರುಂಡ ಮಣ್ಣು, ತಂಪು, ಎಳೆ ಎಲೆಯ ಖಾರ ವಾಸನೆ. ಅಲ್ಲಿಗೆ ಹೊತ್ತು ಮುಳುಗಿದ ಮೇಲೆ ಹೋಗಕೂಡದೆಂದು ಆಯಿಯ, ಅಂದರೆ ನನ್ನ ಅಜ್ಜಿಯ, ಕಟ್ಟಪ್ಪಣೆ. ಹೋಗಲೇಬೇಕಾದರೆ ಏನು ನೋಡಬೇಕೆಂದೂ ಅವಳೇ ಕಲಿಸಿದ್ದಳು.

“ಮೊದಲ ಕಾಲು ನೋಡೋ ತಮ್ಮಾ. ಮಾರಿ ನೋಡಬ್ಯಾಡ, ಮಾರಿ ಚಂದ ಇರ್ತದ. ಹಿಮ್ಮಡ ಮುಂದ ಇದ್ರ ತಿರುಗಿ ಬಾ.”

ಹಿಂದುಮುಂದಾದ ಪಾದ, ನೆರಳಿಲ್ಲದ ಮೈ, ಮೂಗಿನಲ್ಲಿ ಬರುವ ಮಾತು, ದಾರಿಹೋಕರನ್ನು ತಡೆದು ತಂಬಾಕು ಕೇಳುವ ಚಟ, ಇವು ದೆವ್ವದ ಗುರುತು. ರಾತ್ರಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೆಯ ಸಲಕ್ಕೆ ಮಾತ್ರ ಓ ಎನ್ನಬೇಕು. ಬಹಳ ವರ್ಷಗಳ ಮೇಲೆ ರೊಮೇನಿಯಾದ ಹಳ್ಳಿಗಳ ನಂಬಿಕೆಗಳ ಬಗ್ಗೆ ಓದುತ್ತಿದ್ದಾಗ ಇದೇ ಮಾತು ಸಿಕ್ಕಿತು. ಅಲ್ಲಿಯ ನೆತ್ತರು ಹೀರುವ ಹೆಣಕ್ಕೂ ಎರಡು ಸಲ ಕರೆಯುವುದಷ್ಟೇ ಸಾಧ್ಯ, ಮೂರನೆಯದು ಆಗದು. ಆದ್ದರಿಂದ ಮೂರು ಕರೆ ಆಗುವವರೆಗೆ ಜನ ಬಾಯಿ ಬಿಡುವುದಿಲ್ಲ. ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಿರಜ ಪೇಟೆಯಿಂದ ಆಚೆ ಹೋಗದಿದ್ದ ಆಯಿಗೂ ಕಾರ್ಪೇಥಿಯನ್ ಬೆಟ್ಟದ ಮುದುಕಿಗೂ ಒಂದೇ ಎಚ್ಚರ. 1990ರ ದಶಕದಲ್ಲಿ ಬೆಂಗಳೂರಿನ ಓಣಿಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರಲ್ಲ, ಅಲ್ಲಿ ಬರುತ್ತಿದ್ದವಳೂ ಮನೆಯವರ ದನಿಯಲ್ಲೇ ಕರೆಯುತ್ತಿದ್ದಳಂತೆ.

ನಮ್ಮದು ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ದೆವ್ವಗಳೂ ಹಾಗೇ ಎರಡೂ ಮಾತಿನವು. ಮುಂಜಿಯಾಗಿ ಸತ್ತು ಅರಳಿಮರ ಸೇರಿದ ಹುಡುಗ ‘ಮುಂಜಾ’, ಬಸುರಿ ಬಾಣಂತಿ ಸತ್ತರೆ ‘ಹಡಳ’, ಊರ ಹೊರಗಿನ ‘ವೇತಾಳ’, ಈ ಹೆಸರುಗಳು ಮರಾಠಿ. ಕನ್ನಡದಲ್ಲಿ ಎಲ್ಲಕ್ಕೂ ‘ಗಾಳಿ’. ವೇತಾಳನನ್ನು ನಾನು ಮರಾಠಿ ‘ಚಾಂದೋಬಾ’ದಲ್ಲೂ ಕನ್ನಡ ‘ಚಂದಮಾಮ’ದಲ್ಲೂ ಓದಿದೆ. ಚಿತ್ರಕಾರ ಶಂಕರ್ ಬರೆದ ಚಿತ್ರ ಎರಡರಲ್ಲೂ ಒಂದೇ: ಕತ್ತಿ ಹಿಡಿದ ವಿಕ್ರಮ, ಹೆಗಲ ಮೇಲೆ ಹೆಣ. ರಿಚರ್ಡ್ ಬರ್ಟನ್ 1870ರಲ್ಲಿ ಈ ಕತೆಗಳನ್ನು ಇಂಗ್ಲಿಷಿಗೆ ತಂದಾಗ ವೇತಾಳನನ್ನು ‘ವ್ಯಾಂಪೈರ್’ ಎಂದು ಕರೆದ. ಅದು ನನಗೆ ಒಪ್ಪಿಗೆಯಿಲ್ಲ. ವೇತಾಳ ರಕ್ತ ಕೇಳುವುದಿಲ್ಲ, ಉತ್ತರ ಕೇಳುತ್ತಾನೆ. ಅವನು ಕುಳಿತಿರುವ ಹೆಣವೂ ಅವನದಲ್ಲ. ಯುರೋಪಿನಲ್ಲಿ ಹೆಣವೇ ಎದ್ದು ಬರುತ್ತದೆ.

ಹೆಣವೇ ಬರುವುದರಿಂದ ಅಲ್ಲಿ ಬೇಟೆ ಸ್ಮಶಾನದಲ್ಲೇ ನಡೆಯಬೇಕು. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತ ಮೇಲೆ ಸಾಲುಸಾವು ಶುರುವಾದವು. ಸಾಯುವವರು ಅವನು ರಾತ್ರಿ ಬಂದು ಮೈಮೇಲೆ ಒರಗಿದ ಎಂದರು. ಊರವರು ಗೋರಿ ಅಗೆದು, ಆಸ್ಟ್ರಿಯಾದ ಅಧಿಕಾರಿಯ ಕಣ್ಣೆದುರೇ ಎದೆಗೆ ಗೂಟ ಹೊಡೆದು ಸುಟ್ಟರು. ಯಾವ ಗೋರಿ ಅಗೆಯಬೇಕೆಂದು ತಿಳಿಯದ ಕಡೆ ಕುದುರೆಯನ್ನು ಗೋರಿಗಳ ಮೇಲೆ ನಡೆಸುತ್ತಿದ್ದರು. ಎಲ್ಲಿ ಅದು ಕಾಲಿಡಲು ಒಲ್ಲೆ ಎನ್ನುವುದೋ ಅದೇ ಗೋರಿ. ಬಾಲ್ಕನ್ ನಾಡಿನಲ್ಲಿ ಶನಿವಾರ ಹುಟ್ಟಿದವರ ಕಣ್ಣಿಗೆ ಆ ಹೆಣ ಕಾಣುತ್ತದೆಂಬ ನಂಬಿಕೆಯಿತ್ತು. ನಮ್ಮಲ್ಲಿ ಕಾಲು ಮುಂದಾಗಿ ಹುಟ್ಟಿದ ‘ಪಾಯಾಳೂ’ಗಳಿಗೆ ನೆಲದೊಳಗಿನ ನೀರು, ಹೂತಿಟ್ಟ ಹೊನ್ನು ಕಾಣುತ್ತದೆ ಅನ್ನುತ್ತಿದ್ದರು. ಅಲ್ಲಿ ಗೋರಿ ಅಗೆದಾಗ ಉಬ್ಬಿದ ಮೈ, ಬಾಯಿಯ ಅಂಚಿನಲ್ಲಿ ಕೆಂಪು ದ್ರವ ಕಂಡರೆ ಸಂಶಯ ತೀರಿತು. ಹೆಣ ಕೊಳೆಯುವಾಗ ಹೊಟ್ಟೆಯಲ್ಲಿ ಗಾಳಿ ತುಂಬಿ, ಒಳಗಿನದು ಬಾಯಿಗೆ ಬರುತ್ತದೆ. ಅಗೆಯದ ನಾಡಿನವರಿಗೆ ಅದು ಕಾಣುವುದೇ ಇಲ್ಲ.

ನಾವೂ ಹೂಳುವವರೇ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಡುತ್ತಾರೆ. ಸತ್ತವರು ಲಿಂಗೈಕ್ಯರು, ಅಲೆಯುವ ಜೀವ ಉಳಿಯುವುದೇ ಇಲ್ಲ. ಹೀಗಿದ್ದೂ ನಮ್ಮ ಓಣಿಯ ಹೆಂಗಸರು ಒಂದು ಸಾವಿಗೆ ಮಾತ್ರ ಈ ಮಾತನ್ನು ಪೂರ್ತಿ ನಂಬುತ್ತಿರಲಿಲ್ಲ. ಅದು ಬಾಣಂತಿಯ ಸಾವು.

ಎ.ಎಂ.ಟಿ. ಜಾಕ್ಸನ್ ಎಂಬ ಅಧಿಕಾರಿ ಮುಂಬೈ ಪ್ರಾಂತದ ಸಾಲೆ ಮಾಸ್ತರರಿಂದ ಊರೂರಿನ ನಂಬಿಕೆಗಳನ್ನು ಬರೆಸಿ ತರಿಸುತ್ತಿದ್ದ. 1909ರಲ್ಲಿ ನಾಶಿಕದಲ್ಲಿ ಕಲೆಕ್ಟರನಾಗಿದ್ದಾಗ ಅನಂತ ಕಾನ್ಹೇರೆಯ ಗುಂಡಿಗೆ ಸತ್ತ. ಆ ಕಾಗದಗಳನ್ನು ಆರ್.ಇ. ಎಂಥೋವನ್ ಅಚ್ಚಿಗೆ ತಂದ. ಹಡಳದ ವಿವರ ಅಲ್ಲಿ ಬರುತ್ತದೆ: ಮುಂದಿನಿಂದ ನೋಡಿದರೆ ಚೆಲುವೆ, ಬೆನ್ನಿನಿಂದ ಬರೀ ಎಲುಬು. ಆ ಹೆಂಗಸು ಹಾಗಾಗಿ ತಿರುಗಿ ಬರದಂತೆ ಮಾಡುವ ಉಪಾಯ ಮಣ್ಣಿಗೆ ಒಯ್ಯುವ ದಾರಿಯುದ್ದಕ್ಕೂ ‘ರಾಳೆ’ ಕಾಳು ಚೆಲ್ಲುವುದು. ರಾಳೆ ಎಂದರೆ ನಮ್ಮ ನವಣಿ. ಒಂದೊಂದೇ ಕಾಳು ಆರಿಸದೆ ಅವಳು ಹೆಜ್ಜೆ ಇಡಲಾರಳು. ಆರಿಸಿ ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ. ಪೂರ್ವ ಯುರೋಪಿನ ಗೋರಿಗಳ ಸುತ್ತಲೂ ಇದೇ ಲೆಕ್ಕಕ್ಕೆ ಗಸಗಸೆ, ಕಿರುಧಾನ್ಯ ಚೆಲ್ಲುತ್ತಿದ್ದರು.

ನಮ್ಮ ಮನೆಯಲ್ಲಿ ನವಣಿ ಅನ್ನ ಮಾಡುತ್ತಿರಲಿಲ್ಲ. ಬೆಳೆದವರು ಕೊಟ್ಟರೂ ಆಯಿ ದನಕ್ಕೆ ಸುರಿಯುತ್ತಿದ್ದಳು. ಕಾರಣ ಕೇಳುವ ಬುದ್ಧಿ ನನಗೆ ಬಂದದ್ದು ಹದಿನೆಂಟು ತುಂಬಿದ ಮೇಲೆ.

ಅವಳ ನೆಗೆಣ್ಣಿ, ಅಂದರೆ ನನ್ನ ಚಿಕ್ಕ ಅಜ್ಜಿ, ಮೊದಲ ಹೆರಿಗೆಯಲ್ಲಿ ಹೋದಳು. ಕೂಸು ಹೊರಬಂತು, ನೆತ್ತರು ನಿಲ್ಲಲಿಲ್ಲ. ನಟ್ಟಿರುಳು, ಮಳೆಗಾಲ, ಮಿರಜಕ್ಕೆ ಚಕ್ಕಡಿ ಕಟ್ಟಲೋ ಬೇಡವೋ ಎಂದು ಗಂಡಸರು ಪಡಸಾಲೆಯಲ್ಲಿ ಮಾತಾಡುತ್ತಲೇ ಇದ್ದರು. ಬೆಳಕು ಹರಿಯುವ ಮುಂಚೆ ಮಾತು ಮುಗಿಯಿತು, ಅವಳೂ ಮುಗಿದಳು. ಜಂಗಮರು ಬಂದು ವಿಧಿ ಮಾಡಿದರು. ಹೆಣ ಎತ್ತುವಾಗ ಓಣಿಯ ಹಿರಿಯಳೊಬ್ಬಳು ಆಯಿಯ ಉಡಿಗೆ ನವಣಿ ಸುರಿದು, ಹಿಂದೆ ಹಿಂದೆ ಚೆಲ್ಲುತ್ತ ಬಾ ಎಂದಳು.

ಗಾಳಿ ಬಡಿದರೆ ನಮ್ಮಲ್ಲಿ ‘ಹೊರಗಿಂದು’ ಅನ್ನುತ್ತಾರೆ. ಮರಾಠಿಯಲ್ಲೂ ಅದೇ, ‘ಬಾಹೇರಚಂ’. ಆದರೆ ನಾನು ಕೇಳಿದ ಯಾವ ಕತೆಯಲ್ಲೂ ಬಂದವರು ಹೊರಗಿನವರಲ್ಲ. ಬಾಣಂತಿ ಸೊಸೆ, ಬಾವಿ ಪಾಲಾದ ಮಗಳು, ಆಸ್ತಿ ಕಳಕೊಂಡ ತಮ್ಮ. ಕಿಸಿಲ್ಯೆವೊದ ಹೆಣವೂ ತನ್ನ ಮನೆಗೆ ಹೋಗಿ ಹೆಂಡತಿಯ ಹತ್ತಿರ ಚಪ್ಪಲಿ ಕೇಳಿತ್ತಂತೆ. ಇರುವಾಗ ಸಲ್ಲಬೇಕಾದದ್ದು ಸಲ್ಲದೆ ಹೋದವರಿಗೇ ಜನ ಹೆದರುತ್ತಾರೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಚಿಕ್ಕಜ್ಜಿಯ ಮನೆಯಲ್ಲಿ ನೆತ್ತರು ಹೋದದ್ದು ನಿಜ. ಅದನ್ನು ಕುಡಿದವರು ಯಾರೆಂದು ಸ್ಮಶಾನದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಅಮೆರಿಕದ ರೋಡ್ ಐಲೆಂಡಿನಲ್ಲಿ 1892ರಲ್ಲಿ ಹಾಗೆ ಹುಡುಕಿದ್ದರು. ಬ್ರೌನ್ ಎಂಬವರ ಮನೆಯಲ್ಲಿ ತಾಯಿ ಸತ್ತಳು, ಹಿರಿಯ ಮಗಳು ಸತ್ತಳು, ಆಮೇಲೆ 19ರ ಮರ್ಸಿ ಸತ್ತಳು, ಅಣ್ಣ ಎಡ್ವಿನ್ ದಿನದಿನಕ್ಕೆ ಬಿಳಿಚುತ್ತಿದ್ದ. ಚಳಿಯಲ್ಲಿ ಕೆಡದೆ ಉಳಿದಿದ್ದ ಮರ್ಸಿಯ ಹೆಣದ ಗುಂಡಿಗೆ ಸುಟ್ಟು ಆ ಬೂದಿಯನ್ನು ಅಣ್ಣನಿಗೆ ಕುಡಿಸಿದರು. ಅವನೂ ಉಳಿಯಲಿಲ್ಲ. ಮನೆಗೆ ಹೊಕ್ಕದ್ದು ಕ್ಷಯ. ರಾಬರ್ಟ್ ಕೋಖ್ ಅದರ ಕ್ರಿಮಿಯನ್ನು ತೋರಿಸಿ ಆಗಲೇ 10 ವರ್ಷವಾಗಿತ್ತು. ಮುಂದೆ ಎರಡೇ ವರ್ಷಕ್ಕೆ, 1894ರಲ್ಲಿ, ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದ. ಸಾಂಗಲಿ ದಾರಿಯಲ್ಲಿ ಅವನ ಹೆಸರಿನ ವಾನ್ಲೆಸವಾಡಿಯಲ್ಲಿ ಕ್ಷಯದವರಿಗೆಂದೇ ಬೇರೆ ಆಸ್ಪತ್ರೆಯಾಯಿತು. ಕೆಮ್ಮಿ ಕೆಮ್ಮಿ ಒಣಗುವವರನ್ನು ಕಂಡರೆ ನಮ್ಮ ಕಡೆಯವರು “ವಾಡಿಗೆ ಒಯ್ಯಿರಿ” ಅನ್ನುತ್ತಿದ್ದರು. ಬೇಟೆಯ ವಿದ್ಯೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಮಾತು ಗೊತ್ತಿಲ್ಲ.

ಎಲ್ಲರೂ ಒಯ್ಯುತ್ತಿರಲಿಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಪಕ್ಕದ ಓಣಿಯ ಹೊಸ ಸೊಸೆಗೆ ಗಾಳಿಯಾಗಿದೆ ಎಂದು ದೇವರುಶಿಯನ್ನು ಕರೆಸಿದರು. ಲಿಂಬೆಹಣ್ಣು, ಅಂಗಾರ, ಕೊನೆಗೆ ಕೆಂಡದ ಮೇಲೆ ಒಣಮೆಣಸಿನಕಾಯಿ. ಮುಚ್ಚಿದ ಬಾಗಿಲಾಚೆ ಆ ಘಾಟಿಗೆ ನಮಗೇ ಉಸಿರು ಕಟ್ಟಿತು. ಒಳಗೆ ಅವಳು “ಹೋಗತೇನಿ, ಹೋಗತೇನಿ” ಎಂದು ಚೀರುತ್ತಿದ್ದಳು. ದೆವ್ವ ಒಪ್ಪಿತು ಎಂದು ಹೊರಗಿನವರು ತಲೆಯಾಡಿಸಿದರು. ಆ ಮಾತು ಅವಳದೇ ಎಂದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ.

ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕಲಿತು, ಮಿರಜ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರಾದ ಹುಡುಗನೊಬ್ಬ ಮುಂದೆ ಇಂಥ ಮುಚ್ಚಿದ ಬಾಗಿಲುಗಳನ್ನು ತಟ್ಟುತ್ತ ಮಹಾರಾಷ್ಟ್ರವೆಲ್ಲ ತಿರುಗಿದ. ಅವರು ನರೇಂದ್ರ ದಾಭೋಳಕರ. 1989ರಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದರು. ಅವರು ಕೇಳುತ್ತಿದ್ದ ಕಾನೂನು ವರ್ಷಗಟ್ಟಲೆ ತೂಗಾಡಿತು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದ ಮೇಲೆ, ಅದೇ ವಾರ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಅದರ ಪಟ್ಟಿ ಶುರುವಾಗುವುದೇ ದೆವ್ವ ಬಿಡಿಸುವ ನೆಪದ ಹಿಂಸೆಯಿಂದ: ಹಗ್ಗ ಸರಪಳಿಯಲ್ಲಿ ಕಟ್ಟುವುದು, ಬಾರುಕೋಲಿನಿಂದ ಹೊಡೆಯುವುದು, ಚಪ್ಪಲಿ ಅದ್ದಿದ ನೀರು ಕುಡಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು. ಆ ಕೊನೆಯ ಮಾತು ಓದಿದಾಗ ನನ್ನ ಮೂಗಿಗೆ ಆ ದಿನದ ಘಾಟು ಮತ್ತೆ ಹೊಡೆಯಿತು. ಕರ್ನಾಟಕದಲ್ಲಿ ಇಂಥ ಕಾಯ್ದೆ 2017ರದು. ಅಷ್ಟರಲ್ಲಿ ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರೂ ಹಾಗೇ ಗುಂಡಿಗೆ ಬಲಿಯಾಗಿದ್ದರು.

ಆಯಿ ಆ ಕಾಯ್ದೆ ಬರುವವರೆಗೆ ಇರಲಿಲ್ಲ. ನವಣಿಯ ಸಂಗತಿ ಹೇಳಿದ ದಿನ ನಾನು ಒಂದೇ ಕೇಳಿದೆ, ಚಿಕ್ಕಜ್ಜಿ ತಿರುಗಿ ಬಂದಿದ್ದಳೇ ಎಂದು. ಆಯಿಯ ಮಡಿಲಲ್ಲಿ ಬೆಳೆದ ಆ ಕೂಸು, ನನ್ನ ಕಾಕಾ, ಅಂಗಳದಲ್ಲಿ ಎಲೆ ಪೆಂಡಿ ಕಟ್ಟುತ್ತಿದ್ದ. ಆಯಿ ಅವನ ಕಡೆ ನೋಡುತ್ತ ಹೇಳಿದಳು.

“ಕೂಸು ಇಡೀ ರಾತ್ರಿ ಅತ್ತಿತ್ತು. ಅಕಿ ಒಮ್ಮೆ ಬಂದು ಮಾರಿ ನೋಡಿ ಹೋಗಲಿ ಅಂತ ನಾ ಬಾಗಲಾ ಹಾಕಲಿಲ್ಲ. ಬೆಳ್ಳಿ ಮೂಡೂದರಾಗ ನೆನಪಾತು, ಕಾಳು ಚೆಲ್ಲಿದಾಕಿ ನಾನs ಅಲ್ಲಾ? ಕಸಬರಿಗಿ ತಗೊಂಡು ಓಡಿದೆ. ಗುಬ್ಬಿ ನನಗಿಂತ ಮದಲs ಬಂದು ಎಲ್ಲಾ ತಿಂದು ಮುಗಿಸಿದ್ವು. ಹಾದಿ ಖುಲ್ಲಾ ಇತ್ತೋ ತಮ್ಮಾ. ಆದ್ರೂ ಅಕಿ ಬರಲಿಲ್ಲ.”