75ರ ನೀನಾಸಂ ಮತ್ತು ಮುಂದಿನ ಸಾಲಿನ ಅಜ್ಜ

ನಮ್ಮಲ್ಲಿ ಯಾವುದೇ ಸಂಸ್ಥೆಗೆ ಇಪ್ಪತ್ತೈದೋ ಐವತ್ತೋ ತುಂಬಿತೆಂದರೆ ಮೊದಲು ಹುಟ್ಟುವುದು ಸ್ವಾಗತ ಸಮಿತಿ. ಅದರ ಬೆನ್ನಿಗೇ ಹಣಕಾಸು ಸಮಿತಿ, ಊಟೋಪಚಾರ ಸಮಿತಿ. ಇವು ಯಾವುದರಲ್ಲೂ ಹೆಸರು ಬಾರದೆ ಮುನಿಸಿಕೊಂಡವರಿಗೆಂದೇ ಕೊನೆಗೊಂದು ಸಲಹಾ ಸಮಿತಿ. ಸ್ಮರಣ ಸಂಚಿಕೆಯೂ ಬರಲೇಬೇಕು. ಮೊದಲ ಪುಟಗಳಲ್ಲಿ ಮಂತ್ರಿಮಹೋದಯರ ಸಂದೇಶಗಳು, ಕೊನೆಯಲ್ಲಿ ಚಿನ್ನದಂಗಡಿಯಿಂದ ಹಿಡಿದು ರಸಗೊಬ್ಬರದವರೆಗಿನ ಜಾಹೀರಾತುಗಳು, ಇವೆರಡರ ನಡುವೆ ಎಲ್ಲೋ ಸಂಸ್ಥಾಪಕರ ಮಸುಕು ಫೋಟೋ.

ಕಲೆ ಕಲಿಸುವ ಶಾಲೆಯಾದರೆ ಪಜೀತಿ ಇನ್ನೂ ಹೆಚ್ಚು. ಕಾರ್ಯಕ್ರಮ ಪಟ್ಟಿಯಲ್ಲಿ ಕಟ್ಟಕಡೆಗೆ ‘ನಂತರ ನಾಟಕ’ ಎಂದಿರುತ್ತದೆ. ಬಣ್ಣ ಹಚ್ಚಿಕೊಂಡ ಹುಡುಗರು ಪರದೆಯ ಮರೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಾರೆ. ಇತ್ತ ಅಧ್ಯಕ್ಷರು ‘ಸಮಯದ ಅಭಾವದಿಂದ ಎರಡೇ ಮಾತು’ ಎಂದು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ಶಾಲು, ಹಾರ, ಫಲತಾಂಬೂಲ, ವಂದನಾರ್ಪಣೆ ಎಲ್ಲ ಮುಗಿದು ನಾಟಕ ಶುರುವಾಗುವಾಗ ಸಭೆಯಲ್ಲಿ ಉಳಿದಿರುವುದು ಹುಡುಗರ ಅಪ್ಪ ಅಮ್ಮ ಮತ್ತು ಶಾಮಿಯಾನ ಬಿಚ್ಚುವವನು.

ಈ ಪೀಠಿಕೆಗೆಲ್ಲ ಕಾರಣ ಹೆಗ್ಗೋಡಿನ ನೀನಾಸಂ. ನೀನಾಸಂ ಎಂದರೆ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಹುಟ್ಟಿದ್ದು 1949ರಲ್ಲಿ. 2024ಕ್ಕೆ ಭರ್ತಿ 75. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಹಳ್ಳಿಯೊಂದರಲ್ಲಿ ಹವ್ಯಾಸಕ್ಕೆ ನಾಟಕ ಆಡಲು ಊರವರು ಕಟ್ಟಿಕೊಂಡ ಸಂಘ. ಅದರಲ್ಲಿದ್ದ, ಮುಂದೆ ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಆಗಿನ್ನೂ ಹದಿನೇಳು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯರಾಗಿದ್ದು, ಓದು ಮುಗಿಸಿ ನೌಕರಿಗೆ ಅರ್ಜಿ ಗುಜರಾಯಿಸದೆ ಊರಿಗೇ ವಾಪಸಾದವರು. ಇವತ್ತಿನ ಅಪ್ಪಂದಿರಿಗೆ ಹೇಳಿದರೆ ಎದೆ ಹಿಡಿದುಕೊಂಡಾರು.

ವಯಸ್ಸಿನ ಲೆಕ್ಕದಲ್ಲಿ ಇಲ್ಲೊಂದು ತಮಾಷೆಯಿದೆ. ಸಂಘಕ್ಕೆ 75 ಆದರೂ ನಾಟಕ ಕಲಿಸುವ ಶಾಲೆ, ಅಂದರೆ ರಂಗಶಿಕ್ಷಣ ಕೇಂದ್ರ, ಶುರುವಾದದ್ದು 1980ರಲ್ಲಿ. ಊರೂರು ಅಲೆಯುವ ನಾಟಕ ತಂಡ ‘ತಿರುಗಾಟ’ ಹೊರಟದ್ದು 1985ರಲ್ಲಿ. ಎಂದರೆ ಶಾಲೆ ಬರುವ ಮೊದಲು ಮೂರು ದಶಕ ಈ ಊರಿನವರು ಮಾಡಿದ್ದೇನು? ನಾಟಕ ಆಡಿದರು, ನೋಡಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಕಾರಂತರು ಆಗಿನ್ನೂ ನಮ್ಮ ನಡುವೆಯೇ ಇದ್ದು ಎಲ್ಲರನ್ನೂ ಗದರುತ್ತಿದ್ದ ಕಾಲ. ಮರುವರ್ಷ ಚಿತ್ರಸಮಾಜ ಬಂತು. ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾಗಳನ್ನು ಹೆಗ್ಗೋಡಿನವರು ಬೆಂಗಳೂರಿನ ಎಷ್ಟೋ ಪಂಡಿತರಿಗಿಂತ ಮೊದಲೇ ಕೂತು ನೋಡಿದರು. ಪಾತ್ರೆ ಮೊದಲು, ಪಾಯಸ ಆಮೇಲೆ ಎಂಬಂತೆ ನೋಡುವವರು ಮೊದಲು ತಯಾರಾದರು, ಆಡುವವರನ್ನು ತಯಾರು ಮಾಡುವ ಶಾಲೆ ಆಮೇಲೆ ಬಂತು.

ನನ್ನ ತಕರಾರು ಇರುವುದೇ ಇಲ್ಲಿ. ಈಗ ನಟನೆ ಕಲಿಸುವ ಜಾಗಗಳಿಗೆ ಬರವಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಜಿಮ್ಮಿನ ಮೇಲಿನ ಮಹಡಿಯಲ್ಲಿ, ಶನಿವಾರ ಭಾನುವಾರ, ಕ್ಯಾಮೆರಾ ಮುಂದೆ ಅಳುವುದು ಹೇಗೆಂದು ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ನಾಟಕ ನೋಡುವುದನ್ನು ಕಲಿಸುವವರು ಯಾರು?

ಹೆಗ್ಗೋಡಿನ ರಂಗಮಂದಿರದಲ್ಲಿ ಒಮ್ಮೆ ನನ್ನ ಮುಂದಿನ ಸಾಲಿನಲ್ಲಿ ಅಜ್ಜರೊಬ್ಬರು ಕೂತಿದ್ದರು. ಹೆಗಲ ಮೇಲೆ ಕೆಂಪು ಅಂಚಿನ ಟವೆಲು, ಬಾಯಲ್ಲಿ ಕವಳ. ರಂಗದ ಮೇಲೆ ಷೇಕ್ಸ್‌ಪಿಯರನ ರಾಜನೊಬ್ಬ ಒದ್ದಾಡುತ್ತಿದ್ದ. ಅಜ್ಜರು ಅರ್ಧ ನಾಟಕ ಕಣ್ಣು ಮುಚ್ಚಿಯೇ ಇದ್ದರು, ನಿದ್ದೆ ಎಂದುಕೊಂಡೆ. ಮುಗಿದು ಹೊರಗೆ ಬಂದವರೇ ಕವಳ ಉಗುಳಿ, ಪಕ್ಕದವರಿಗೆ ಹೇಳಿದರು: ‘ಕಳೆದ ಸಲದ ರಾಜ ಮಾತು ನುಂಗುತ್ತಿದ್ದ, ಇವ ಪರವಾಗಿಲ್ಲ. ಆದರೆ ಬೆಳಕು ಜಾಸ್ತಿಯಾಯಿತು.’ ಪತ್ರಿಕೆಯ ವಿಮರ್ಶಕರು ಎರಡು ಕಾಲಂ ಬರೆದರೂ ಇಷ್ಟು ನೇರವಾಗಿ ಹೇಳಲಾರರು. ಇಂಥ ಅಜ್ಜರನ್ನು ಒಂದು ವರ್ಷದ ಕೋರ್ಸಿನಲ್ಲಿ ತಯಾರಿಸಲಾಗದು.

ಒಂದು ವರ್ಷ ಎಂದೆನಲ್ಲ, ಶಾಲೆಯ ಅವಧಿಯೂ ಸರಿಸುಮಾರು ಅಷ್ಟೇ. ಕೋಲಾರ, ಬಳ್ಳಾರಿ, ಬೀದರಿನ ಕಡೆಯಿಂದೆಲ್ಲ ಮಕ್ಕಳು ಬರುತ್ತಾರೆ, ಮಲೆನಾಡಿನ ಮಳೆಗೆ ಮೊದಲು ನಡುಗುತ್ತಾರೆ. ಅಲ್ಲೇ ವಾಸ, ಅಲ್ಲೇ ಊಟ. ಮಾತು, ಮೈ, ಹಾಡು, ಪ್ರಸಾಧನದ ಜೊತೆಗೆ ಸೆಟ್ಟಿಗೆ ಮೊಳೆ ಹೊಡೆಯುವುದೂ ಪಾಠವೇ. ಚಿದಂಬರರಾವ್ ಜಂಬೆಯವರಂಥ ಗುರುಗಳ ಕೈಯಲ್ಲಿ ಎಷ್ಟೋ ತಂಡಗಳು ಹೀಗೆ ಪಳಗಿದವು. ನಂಟು ಬೆಳೆಯುವಷ್ಟರಲ್ಲಿ ವರ್ಷ ಮುಗಿದು, ಮತ್ತೆ ಹೊಸಬರು, ಮತ್ತೆ ಅ ಆ ಇ ಈ.

ಹೊರಗೆ ಹೋದವರು ಶಾಲೆಯನ್ನು ಬಿಡುವುದಿಲ್ಲ. ಬಿ.ಎ., ಎಂ.ಎ. ಮಾಡಿದ ಯಾವ ನಟನೂ ಸಿನಿಮಾ ಟೈಟಲ್ಲಿನಲ್ಲಿ ಕಾಲೇಜಿನ ಹೆಸರು ಹಾಕಿಸಿಕೊಂಡದ್ದು ನಾನು ಕಾಣೆ. ‘ಲೂಸಿಯಾ’ ಸಿನಿಮಾದ ಸತೀಶ್ ಮಾತ್ರ ಲೋಕಕ್ಕೆಲ್ಲ ಸತೀಶ್ ನೀನಾಸಂ, ಶಾಲೆಯೇ ಮನೆತನದ ಹೆಸರು. ನಟ ಅಚ್ಯುತ್ ಕುಮಾರ್ ಹಾಗೆ ಹಾಕಿಕೊಂಡಿಲ್ಲ, ಆದರೆ ಅವರು ಸುಮ್ಮನೆ ನಿಂತು ನೋಡುವ ಒಂದು ದೃಶ್ಯ ಸಾಕು, ಕಲಿತದ್ದೆಲ್ಲಿ ಎಂದು ಬಲ್ಲವರಿಗೆ ಗೊತ್ತಾಗುತ್ತದೆ.

ಪ್ರಸಿದ್ಧರಾಗದವರೇ ಹೆಚ್ಚೆಂದು ಬೇರೆ ಹೇಳಬೇಕಿಲ್ಲ. ಅವರಲ್ಲಿ ಎಷ್ಟೋ ಮಂದಿ ಊರಿಗೆ ಮರಳಿ ಶಾಲೆಯ ಮಕ್ಕಳಿಗೆ ನಾಟಕ ಆಡಿಸುತ್ತಾರೆ, ಬೇಸಿಗೆ ಶಿಬಿರ ನಡೆಸುತ್ತಾರೆ. ನನ್ನ ಲೆಕ್ಕದಲ್ಲಿ ಇವರದೇ ದೊಡ್ಡ ಕೆಲಸ, ಏಕೆಂದರೆ ಇವರು ಮುಂದಿನ ಸಾಲಿನ ಅಜ್ಜಂದಿರನ್ನು ಬೇರೆ ಬೇರೆ ಊರುಗಳಲ್ಲಿ ಎಳವೆಯಲ್ಲೇ ಹಿಡಿದು ತಯಾರಿಸುತ್ತಿದ್ದಾರೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಇನ್ನೇನು ಗತಿ ಎಂದು ಲೊಚಗುಟ್ಟಿದವರಿದ್ದರು. ಶಾಲೆ ನಡೆಯಿತು, ತಿರುಗಾಟವೂ ನಡೆಯಿತು.

ಆದ್ದರಿಂದ ಸಂಸ್ಥೆಗೆ 75 ತುಂಬಿತೆಂದು ಹಾರ ಹಿಡಿದು ಸಾಗರದ ಬಸ್ಸು ಹತ್ತುವ ಅಗತ್ಯವಿಲ್ಲ. ತಿರುಗಾಟದವರು ಪ್ರತಿವರ್ಷ ತಾವೇ ಊರೂರಿಗೆ ಬರುತ್ತಾರೆ. ನಿಮ್ಮೂರಿಗೆ ಬಂದಾಗ ಪಾಸು ಕೇಳಬೇಡಿ, ಟಿಕೆಟ್ ಕೊಳ್ಳಿ. ಮೊಬೈಲು ಆರಿಸಿ ಕೂತು ನೋಡಿ. ಬೆಳಕು ಜಾಸ್ತಿಯಾದರೆ ಹೊರಗೆ ಬಂದು ಹೇಳಿ.